ನನ್ನಿಂದ ಬೇರೆಯಾದ ನನ್ನ ಕಂಪನಿಗೆ

ಮಾನ್ಯ ತಮ್ಮಯ್ಯ ಬೆಲ್ಲ ಪ್ರೈವೇಟ್ ಲಿಮಿಟೆಡ್‌ನವರ ಸನ್ನಿಧಾನಕ್ಕೆ, ತಮ್ಮ ಮ್ಯಾನೇಜಿಂಗ್ ಡೈರೆಕ್ಟರಾದ ಪಾಂಡವಪುರದ ತಮ್ಮಯ್ಯನು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಇಲ್ಲಿ ನಾನು ಕ್ಷೇಮವಾಗಿಲ್ಲ; ತಮಗೆ ಮೈಯೇ ಇಲ್ಲವಾದ್ದರಿಂದ ತಮ್ಮ ಕ್ಷೇಮಕ್ಕೇನೂ ಕೊರತೆಯಿರಲಾರದು.

ಮಾನ್ಯರೇ, ಕಾನೂನಿನ ಕಣ್ಣಿಗೆ ತಾವು ನನ್ನಿಂದ ಬೇರೆಯಾದ ಒಬ್ಬ ವ್ಯಕ್ತಿಯೆಂದೂ, ತಾವು ಒಪ್ಪಂದ ಮುರಿದರೆ ತಮ್ಮ ಅಧಿಕಾರಿಯಾದ ನನ್ನ ಸ್ವಂತ ಮನೆಗೆ ಯಾರೂ ಕೈಹಾಕುವಂತಿಲ್ಲವೆಂದೂ ವಕೀಲ ಲೋಕೇಶ್ ಮೊದಲೇ ಬಿಡಿಸಿ ಹೇಳಿದ್ದರು. ಇಷ್ಟು ಭದ್ರವಾದ ಗೋಡೆಯನ್ನು ಒಡೆಯಲು ನನ್ನ ಬಾಯೊಂದೇ ಸಾಕೆಂಬುದು ಪಾಪ ಅವರಿಗೆ ಗೊತ್ತಿರಲಿಲ್ಲ.

ಶ್ರೀರಂಗಪಟ್ಟಣದಲ್ಲಿ ಚಿಕ್ಕಿ ತಯಾರಿಸುವ ವಜೀರ್ ಪಾಷಾ ಅವರಿಗೆ ದಸರಾಕ್ಕೆ ಮುಂಚೆ ಬೆಲ್ಲ ಒದಗಿಸುವ ಒಪ್ಪಂದಕ್ಕೆ ತಮ್ಮ ಪರವಾಗಿ ಸಹಿ ಹಾಕಿದವನು ಅಷ್ಟಕ್ಕೇ ಎದ್ದು ಬರಬಹುದಿತ್ತು. ಆದರೆ ಅಂಗಡಿಯಲ್ಲಿ ನಾಲ್ಕು ಜನ ನೋಡುತ್ತಿದ್ದರು, ಟೀ ಬೇರೆ ಬಂದಿತ್ತು. "ಕಂಪ್ನಿ ಯಾವ ಲೆಕ್ಕ ಬುಡಿ ಸಾಬ್ರೇ, ಮಾತು ನಂದು. ಬೆಲ್ಲ ಬರ್ದಿದ್ರೆ ನನ್ ಕೊಳ್ಪಟ್ಟಿ ಇಡ್ಕಳಿ" ಎಂದು ಎದೆ ತಟ್ಟಿಕೊಂಡೆ. ಕಾನೂನು ಓದುತ್ತಿರುವ ಅವರ ಮಗಳು ಜಾಸ್ಮಿನ್ ಅದನ್ನೇ ಶುದ್ಧ ಭಾಷೆಯಲ್ಲಿ ಒಪ್ಪಂದದ ಕೆಳಗೆ ಬರೆದು, 'ವೈಯಕ್ತಿಕ ಜಾಮೀನು' ಎಂದು ತಲೆಬರಹ ಕೊಟ್ಟು, ಓದಿ ಸಹಿ ಮಾಡಿ ಅಂಕಲ್ ಎಂದಳು. ಓದಿದರೆ ಗತ್ತು ಕಡಿಮೆಯಾಗುತ್ತದೆಂದು ಓದದೆಯೇ ಮಾಡಿದೆ.

ಅದಾದ ಮೇಲೆ, ಇಷ್ಟು ದೊಡ್ಡ ಒಪ್ಪಂದ ಗಿಟ್ಟಿಸಿದ್ದಕ್ಕೆಂದು ಕೆ.ಆರ್. ಪೇಟೆಯ ಗೆಳೆಯರು ನನಗೆ ಸನ್ಮಾನ ಇಟ್ಟುಕೊಂಡರು. ಚಪ್ಪಾಳೆಗೆ ಜನ ಸಾಲದೆ ಹೋದೀತೆಂದು ಆಲೆಮನೆಯ ಆಳುಗಳನ್ನೆಲ್ಲ ಟೆಂಪೋದಲ್ಲಿ ತುಂಬಿಕೊಂಡು ಹೋದೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು. ಕಾನೂನಿನ ಪ್ರಕಾರ ತಾವೂ ಒಬ್ಬ ವ್ಯಕ್ತಿಯಲ್ಲವೇ, ಸ್ವಲ್ಪ ಹೊತ್ತು ಒಲೆ ನೋಡಿಕೊಳ್ಳುವಿರೆಂದು ನಂಬಿದ್ದೆ. ನನಗೆ ಶಾಲು ಹೊದಿಸುವ ಹೊತ್ತಿಗೆ ಇಲ್ಲಿ ಕೊಪ್ಪರಿಗೆಯ ತಳ ಸುಟ್ಟು, ಸೂರಿಗೆ ಬೆಂಕಿ ಹತ್ತಿ, ಆಲೆಮನೆ ಬೂದಿಯಾಗಿತ್ತು. ಬೆಲ್ಲವಿಲ್ಲದೆ ಪಾಷಾ ಅವರ ದಸರಾ ಮಳಿಗೆ ಬಾಗಿಲು ತೆರೆಯಲೇ ಇಲ್ಲ. ಅವರು ಬೈಯಲಿಲ್ಲ, ಕೂಗಾಡಲಿಲ್ಲ, ಸುಮ್ಮನೆ ಕೋರ್ಟಿಗೆ ಹೋದರು. ಅವರು ಗೆದ್ದರೆ ನನ್ನ ಮನೆ ಜಪ್ತಿಯಾಗುತ್ತದೆ.

ಲೋಕೇಶ್ ಅವರು ಒಂದು ದಾರಿ ತೋರಿಸಿದ್ದಾರೆ. ಆ ಮಾತು ನನ್ನದಲ್ಲ, ನನ್ನ ಬಾಯಿಂದ ಕಂಪನಿ ಆಡಿದ್ದು, ಜಾಮೀನಿನ ಸಹಿಯೂ ಕಂಪನಿಯ ಪರವಾಗಿ ಹಾಕಿದ್ದು ಎಂದು ನಾಳೆ ಸಾಕ್ಷಿ ಹೇಳಿದರೆ ಮನೆ ಉಳಿದರೂ ಉಳಿಯಬಹುದಂತೆ. ಬಹಳ ಒಳ್ಳೆಯ ದಾರಿ. ಆದರೆ ಪಾಷಾ ಅವರು ಎದುರಿಗೇ ಕೂತಿರುತ್ತಾರೆ, ಅವರ ಮುಖ ನೋಡಿಕೊಂಡು ಹಾಗೆ ಹೇಳಲು ನನಗೆ ನಾಚಿಕೆಯಾಗುತ್ತದೆ. ಆದ್ದರಿಂದ ತಾವೇ ಖುದ್ದಾಗಿ ದಯಮಾಡಿಸಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಕಟಕಟೆ ಹತ್ತಿ, ಅಂದು ಎದೆ ತಟ್ಟಿಕೊಂಡದ್ದು ತಾವೇ ಎಂದು ನುಡಿಯಬೇಕಾಗಿ ವಿನಂತಿ. ತಟ್ಟಿ ತೋರಿಸೆಂದು ನ್ಯಾಯಾಧೀಶರು ಕೇಳಿದರೆ ಎದೆಯನ್ನು ನಾನು ಎರವಲು ಕೊಡುತ್ತೇನೆ. ತಾವು ಬಾರದಿದ್ದರೆ ಮಾತು ನನ್ನದೇ ಎಂದು ಒಪ್ಪಿಕೊಂಡುಬಿಡುತ್ತೇನೆ.

ತಮ್ಮ ಬದಲಿಗೆ ಸಿಕ್ಕಿಬಿದ್ದಿರುವ,
ತಮ್ಮ ವಿಶ್ವಾಸಿ,
ತಮ್ಮಯ್ಯ

ತಾ.ಕ.: ತಮ್ಮ ಇನ್ನೊಬ್ಬ ಡೈರೆಕ್ಟರೂ ನನ್ನ ಹೆಂಡತಿಯೂ ಆದ ಪುಟ್ಟತಾಯಮ್ಮನಿಗೆ ಈ ಪತ್ರ ಓದಿ ಹೇಳಿದೆ. ಅವಳು ಅಕ್ಕಿ ಆರಿಸುತ್ತಲೇ, "ಒಪ್ಕೊಂಡ್ಬುಡಿ. ಬಾಡ್ಗೆ ಮನೇಲಿದ್ರಾಯ್ತು. ಆದ್ರೆ ಅಲ್ಲಿ ಮ್ಯಾನೇಜಿಂಗ್ ಡೈರೆಕ್ಟ್ರು ನಾನು" ಎಂದಳು. ಇದಕ್ಕೆ ಆಕ್ಷೇಪಣೆಯಿದ್ದಲ್ಲಿ ತಾವೇ ಬಂದು ಅವಳಿಗೆ ಹೇಳತಕ್ಕದ್ದು; ನನಗೆ ಧೈರ್ಯವಿಲ್ಲ.