ಕಳ್ಳನಿಗೊಂದು ಪೂಜೆ

ನಮ್ಮ ಅತ್ತೆ ಒಬ್ಬ ಕಳ್ಳನಿಗೆ ಮನಸೋತಿದ್ದರು. ಗಾಬರಿಯಾಗಬೇಡಿ, ಆ ಕಳ್ಳ ಸತ್ತಿದ್ದ. ಇನ್ನೂ ಸಮಾಧಾನ ಬೇಕೆಂದರೆ, ಅವನು ಹುಟ್ಟಿಯೇ ಇರಲಿಲ್ಲ! ಶುಕ್ರವಾರಕ್ಕೊಂದು ಕಂತಿನಂತೆ ಮೊಬೈಲಿನಲ್ಲಿ ಬರುತ್ತಿದ್ದ ಕಾಮಿಕ್ಸ್ ಒಂದರ ನಾಯಕ ಅವನು. ಆದರೆ ಈ ಸತ್ಯವನ್ನು ಅತ್ತೆಯ ಮುಂದೆ ಆಡಿದವರಿಗೆ ಆ ಮನೆಯಲ್ಲಿ ಕಾಫಿ ಸಿಗುತ್ತಿರಲಿಲ್ಲ.

ಅತ್ತೆಯೆಂದರೆ ನನ್ನ ಸೋದರಮಾವನ ಹೆಂಡತಿ. ಮಾವ ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದವರು, ತೀರಿಕೊಂಡು ಕೆಲವು ವರ್ಷಗಳಾದವು. ಮಕ್ಕಳಿಲ್ಲ. ಹಿನಕಲ್‌ನ ಮನೆಯಲ್ಲಿ ಈಗ ಅತ್ತೆ, ಅವರ ಹೊಲಿಗೆ ಮೆಷಿನ್ನು ಮತ್ತು ಕಳ್ಳ, ಇಷ್ಟೇ ಸಂಸಾರ.

ಕಥೆ ಕೇಳಿ. ರಾಫೇಲ್ ಎಂಬ ಸುರಸುಂದರಾಂಗ ತಿಜೋರಿ ತೆಗೆಯುವುದರಲ್ಲಿ ನಿಸ್ಸೀಮ. ಹಿಡಿಯಲು ಹೊರಟ ಮಹಿಳಾ ಇನ್ಸ್‌ಪೆಕ್ಟರ್ ಅವನನ್ನೇ ಪ್ರೀತಿಸುತ್ತಾಳೆ. ಇನ್ನೇನು ಕೈಕೋಳ ಹಾಕಬೇಕು, ಯಾರೋ ಅವನಿಗೆ ಗುಂಡು ಹೊಡೆಯುತ್ತಾರೆ. ಇಲ್ಲಿಗೆ ಮುಗಿದಿದ್ದರೆ ಲೋಕಕ್ಕೆ ಒಳ್ಳೆಯದಿತ್ತು. ಮರುದಿನ ನೋಡಿದರೆ ಜೀಪಿನ ಹಿಂದಿನ ಸೀಟಿನಲ್ಲಿ ಪ್ರೇತವಾಗಿ ಕೂತಿದ್ದಾನೆ, ಕ್ರಾಪು ಒಂದಿಷ್ಟೂ ಕೆದರಿಲ್ಲ! ಅವಳ ಕಣ್ಣಿಗೆ ಮಾತ್ರ ಕಾಣುತ್ತಾನೆ. ಇಬ್ಬರೂ ಸೇರಿ ಕೊಲೆಗಾರನನ್ನು ಹುಡುಕಬೇಕು. ಕೊಲೆಗಾರ ಸಿಕ್ಕ ಕ್ಷಣವೇ ಪ್ರೇತಕ್ಕೆ ಮುಕ್ತಿ, ಆಮೇಲೆ ಅವನು ಅವಳಿಗೂ ಕಾಣುವುದಿಲ್ಲ. ಅಂದರೆ ಆ ಹೆಣ್ಣು ನೆಟ್ಟಗೆ ಕೆಲಸ ಮಾಡಿದಷ್ಟೂ ಪ್ರಿಯಕರ ಕೈತಪ್ಪುತ್ತಾನೆ. ಕೊಲೆ, ಪ್ರೇಮ, ದೆವ್ವ ಮೂರನ್ನೂ ಒಂದೇ ತಟ್ಟೆಯಲ್ಲಿ ಬಡಿಸಿದರೆ ಯಾರು ತಾನೇ ಬೇಡವೆಂದಾರು? ನಾನು ಬೇಡವೆಂದೆ.

"ಗೋಡೆಯೊಳಗೇ ತೂರ್ಕೊಂಡು ಹೋಗೋ ದೆವ್ವ ಬೀಗ ತೆಗೆಯೋಕೆ ತಂತಿ ಯಾಕೆ ಹುಡುಕುತ್ತೆ ಅತ್ತೆ?" ಎಂದು ಒಮ್ಮೆ ಕೇಳಿದೆ.

ಅತ್ತೆ ಕನ್ನಡಕದ ಮೇಲಿಂದ ನೋಡಿದರು. "ಕಸುಬು ಕಣೋ. ಸತ್ತೋದ್ರೆ ಮರ್ತೋಗ್ಬುಡುತ್ತಾ? ಇಷ್ಟು ಓದಿದೀಯ, ಇದೂ ತಿಳಿಯಲ್ವಾ ನಿಂಗೆ?"

ಅವರ ಸಿಟ್ಟೆಲ್ಲ ಇನ್ಸ್‌ಪೆಕ್ಟರ್ ಮೇಲೆ. ಪಾಪದವಳು ಒಂದು ಸುಳಿವು ಪತ್ತೆ ಮಾಡಿದರೆ ಸಾಕು, ಇವರಿಗೆ ಅನ್ನ ಸೇರುತ್ತಿರಲಿಲ್ಲ. "ಏನ್ ಅರ್ಜೆಂಟು ಇವಳ್ಗೆ? ರಜ ಹಾಕ್ಬುಟ್ಟು ಮನೇಲಿ ಕೂತ್ಕೋಬಾರ್ದಾ? ಇದೇ ಕೇಸು ನಮ್ ಕಡೆ ಆಗಿದ್ರೆ ಫೈಲು ಧೂಳು ಹಿಡ್ಕೊಂಡು, ಇಬ್ರೂ ನೂರು ವರ್ಷ ಜೊತೇಲಿರೋರು." ಕೊಲೆಯಾದ ಜಾಗದಲ್ಲಿ ಕೋಟಿನ ಗುಂಡಿಯೊಂದು ಸಿಕ್ಕಿತೆಂಬ ಕಾರಣಕ್ಕೆ ಅಶೋಕಪುರಂನಲ್ಲಿದ್ದ ನಾಮಕರಣದ ಊಟ ತಪ್ಪಿಸಿಕೊಂಡ ಹೆಂಗಸು ಭೂಮಿಯ ಮೇಲೆ ಇನ್ನೊಬ್ಬರಿದ್ದರೆ ತೋರಿಸಿ!

ಇದನ್ನೆಲ್ಲ ಕಂಡು ನನ್ನ ಅಮ್ಮನಿಗೆ ಮೈ ಉರಿಯುತ್ತಿತ್ತು. ಅಮ್ಮ ನಮ್ಮ ಮಾವನ ಒಬ್ಬಳೇ ತಂಗಿ. ನಮ್ಮ ಚರ್ಚುಗಳಲ್ಲಿ ಸತ್ತವರ ವಾರ್ಷಿಕಕ್ಕೆ ಪೂಜೆ ಕೊಡುವ ರೂಢಿಯಿದೆ. ಫಾದರ್ ಹೆಸರು ಓದುತ್ತಾರೆ, ಎಲ್ಲರೂ ಪ್ರಾರ್ಥಿಸುತ್ತಾರೆ, ದಾರಿಯಲ್ಲಿ ಕಾಯುತ್ತಿರುವ ಆತ್ಮ ಸ್ವರ್ಗಕ್ಕೆ ಒಂದಿಷ್ಟು ಹತ್ತಿರವಾಗುತ್ತದೆ ಎಂಬ ನಂಬಿಕೆ. ಅತ್ತೆ ಗಂಡನ ಹೆಸರಿನಲ್ಲಿ ಒಂದೇ ಒಂದು ವಾರ್ಷಿಕದ ಪೂಜೆ ಕೊಟ್ಟವರಲ್ಲ. ಒಂದು ವರ್ಷ ಮಂಡಿನೋವು, ಒಂದು ವರ್ಷ ಮಳೆ, ಮತ್ತೊಂದು ವರ್ಷ ಹೊಸ ಫಾದರ್‌ಗೆ ಹೆಸರು ಓದಲು ಬರುವುದಿಲ್ಲ ಎಂಬ ನೆಪ. ಹೆಂಡತಿ ಇರುವಾಗ ತಂಗಿ ಕೊಟ್ಟರೆ ಜನ ಏನಂದಾರು ಎಂದು ಅಮ್ಮ ಹಲ್ಲುಕಚ್ಚಿ ಸುಮ್ಮನಿದ್ದರು. ಈ ವರ್ಷ ಅವರ ತಾಳ್ಮೆ ಮುಗಿದಿತ್ತು.

"ನಮ್ಮಣ್ಣ ಅರ್ಧ ದಾರೀಲಿ ನಿಂತವ್ನೆ ಕಣೋ. ನವೆಂಬರ್‌ನಲ್ಲಿ ಸತ್ತವ್ರ ಸ್ಮರಣೆ ಬರುತ್ತಲ್ಲ, ಆಗ ನಾನೇ ಹೆಸರು ಕೊಟ್ಬುಡ್ತೀನಿ. ಯಾರೇನಾದ್ರೂ ಅಂದ್ಕೊಳ್ಲಿ."

ಅಷ್ಟರಲ್ಲಿ ಅಕ್ಟೋಬರಿನಲ್ಲಿ ಕೊಲೆಗಾರ ಸಿಕ್ಕಿಬಿದ್ದ. ರಾಫೇಲ್ ಕೊನೆಯ ಚಿತ್ರದಲ್ಲಿ ಬೆಳಕಾಗಿ ಕರಗಿಹೋದ. ಆ ಭಾನುವಾರ ಅಮ್ಮನೂ ನಾನೂ ಚರ್ಚಿನಲ್ಲಿದ್ದೆವು. ಫಾದರ್ ಗಂಭೀರವಾಗಿ ಓದಿದರು: "ಈ ದಿನದ ಪೂಜೆ, ಮೃತರಾದ ರಾಫೇಲ್‌ರವರ ಆತ್ಮಶಾಂತಿಗಾಗಿ."

ನಾನು ತಿರುಗಿ ನೋಡಿದೆ. ಅತ್ತೆ ಎರಡು ಬೆಂಚಿನ ಹಿಂದೆ ಮೊಣಕಾಲೂರಿ, ಕಣ್ಣು ಮುಚ್ಚಿಕೊಂಡಿದ್ದರು. ಮಂಡಿನೋವು ಎಲ್ಲಿ ಹೋಗಿತ್ತೋ!

ಹೊರಗೆ ಬಂದಾಗ ಗಾಯನವೃಂದದ ಹಿರಿಯರೊಬ್ಬರು ಅತ್ತೆಯ ಕೈಹಿಡಿದು ಸಾಂತ್ವನ ಹೇಳತೊಡಗಿದರು. "ಹತ್ತಿರದೋರಾ ಅಮ್ಮ?"

"ಪ್ರತಿ ಶುಕ್ರವಾರ ಬರೋನು."

"ಏನಾಗಿತ್ತು, ಕಾಯಿಲೆನಾ?"

"ಗುಂಡೇಟು."

ಹಿರಿಯರು ಶಿಲುಬೆಯ ಗುರುತು ಹಾಕಿಕೊಂಡು ಮೆಲ್ಲಗೆ ಅಲ್ಲಿಂದ ಜಾರಿಕೊಂಡರು.

ಅಮ್ಮ ಹಿನಕಲ್‌ವರೆಗೂ ನನ್ನನ್ನೂ ಕರೆದುಕೊಂಡು ಅತ್ತೆಯ ಹಿಂದೆಯೇ ಬಂದರು. ಅತ್ತೆಯ ಮನೆಯ ಹೊಸಿಲು ದಾಟಿದ್ದೇ ತಡ, ಬಾಯಿಬಿಟ್ಟರು. "ಅಲ್ಲ ಅತ್ತಿಗೆ, ಆ ಚಿತ್ರದಲ್ಲಿರೋ ಕಳ್ಳನಿಗೆ ಪೂಜೆ ಕೊಟ್ರಲ್ಲ, ನಮ್ಮಣ್ಣ ಏನ್ ಪಾಪ ಮಾಡಿದ್ದ?" ಎಂದವರೇ ಅಳತೊಡಗಿದರು.

ಅತ್ತೆ ನಿಧಾನಕ್ಕೆ ಚಪ್ಪಲಿ ಬಿಟ್ಟು, ಹೊಲಿಗೆ ಮೆಷಿನ್ನಿನ ಪಕ್ಕ ಕೂತರು. ನಾನು ಇನ್ನೊಂದು ನೆಪಕ್ಕಾಗಿ ಕಾದೆ, ನಗುವುದಕ್ಕೆ ತಯಾರಾಗಿಯೇ.

"ಅವನ ಕೇಸು ಮುಗೀತು ಕಣಮ್ಮ. ಹೋಗ್ಬೇಕಾದೋನು, ನೆಮ್ಮದಿಯಾಗಿ ಹೋಗ್ಲಿ ಅಂತ ಕೊಟ್ಟೆ. ನಿಮ್ಮಣ್ಣ ಇನ್ನೂ ಇಲ್ಲೇ ಅವ್ರೆ. ಸಾಯಂಕಾಲ ದೀಪ ಹಾಕಿದ್ಮೇಲೆ ನಾನು ದಿನದ್ದೆಲ್ಲ ಹೇಳ್ಕೊಳೋದು ಅವ್ರ ಹತ್ರಾನೇ. ನೀವೆಲ್ಲ ಸೇರಿ ಪೂಜೆ ಕೊಟ್ಟು ಕೊಟ್ಟು ಸ್ವರ್ಗಕ್ಕೆ ಕಳಿಸ್ಬುಟ್ರೆ ನಾನು ಯಾರ್ ಹತ್ರ ಮಾತಾಡ್ಲಿ?" ಅತ್ತೆ ಸೆರಗಿನಿಂದ ಕನ್ನಡಕ ಒರೆಸಿದರು. "ಇನ್ನೊಂಚೂರು ದಿನ ಕಾಯ್ಲಿ ಬುಡು. ನಾನೂ ಬತ್ತೀನಲ್ಲ, ಜೊತೇಲೇ ಹೋಗ್ತೀವಿ."

ನನಗೆ ನಗು ಬರಲಿಲ್ಲ. ಅಮ್ಮ ಎದ್ದು ಅಡುಗೆಮನೆಗೆ ಹೋಗಿ ಮೂವರಿಗೂ ಕಾಫಿ ಮಾಡಿದರು.

ನವೆಂಬರ್ ಬಂತು. ಸ್ಮರಣೆಯ ಪೂಜೆಗೆ ನಮ್ಮ ಮನೆಯಲ್ಲಿ ತೀರಿಕೊಂಡವರ ಹೆಸರು ಕೊಡಲು ಅಮ್ಮನ ಜೊತೆ ನಾನೂ ಹೋಗಿದ್ದೆ. ಅಮ್ಮ ತಮ್ಮ ತಾತ, ಅಜ್ಜಿ, ಅಪ್ಪ, ಚಿಕ್ಕಪ್ಪ ಎಂದು ಒಬ್ಬೊಬ್ಬರದಾಗಿ ಹೇಳುತ್ತಾ ಹೋದರು. "ಅಷ್ಟೇನಾ, ಇನ್ಯಾರಾದ್ರೂ ಇದ್ದಾರಾ?" ಎಂದು ಫಾದರ್ ಕೇಳಿದರು.

ಅಮ್ಮ ನನ್ನ ಮುಖ ನೋಡಿದರು.

"ಅಷ್ಟೇ ಫಾದರ್," ಅಂದರು. "ನಮ್ಮಣ್ಣ ಮನೇಲವ್ನೆ."