ನಿಂಗಣ್ಣನ ಮಂಡಿನೋವು

ನಿಂಗಣ್ಣ ಸೌಟು ಕೆಳಗಿಟ್ಟದ್ದು ಮಂಡಿನೋವಿನಿಂದ ಎಂದು ಅರಕೆರೆಯಲ್ಲಿ ಎಲ್ಲರೂ ಹೇಳುತ್ತಾರೆ. ನಮ್ಮಪ್ಪ ಹೇಳುತ್ತಾರೆ, ಸ್ವತಃ ನಿಂಗಣ್ಣನೂ ಹೇಳುತ್ತಾನೆ. ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಗಳಲ್ಲಿ ಗಂಟಲು ಹರಿದುಕೊಂಡು ಫಲಕಗಳನ್ನು ಗೆದ್ದಿರುವ ನಾನು ಈ ವಾದವನ್ನು ಒಪ್ಪಲಾರೆ. ಮಂಡಿ ನೋಯುವವನು ದಿನಾ ಹುಲ್ಲಿನ ಹೊರೆ ಹೊತ್ತು ನಾಲೆಯ ಏರಿ ಹತ್ತುತ್ತಾನೆಯೇ? ಆ ಮಂಡಿಗೆ ಏನೂ ಆಗಿಲ್ಲ. ಆಗಿದ್ದು ನನ್ನಿಂದ.

ಮದುವೆಯಾದ ಮೇಲೆ ಬೀಗರಿಗೆ ಬಾಡೂಟ ಹಾಕದಿದ್ದರೆ ನಮ್ಮ ಕಡೆ ಆ ಮದುವೆ ಲೆಕ್ಕಕ್ಕೇ ಇಲ್ಲ. ಕಿಕ್ಕೇರಿಯಿಂದ ನಾಗಮಂಗಲದವರೆಗೆ ಆ ಊಟಕ್ಕೆ ನಿಂಗಣ್ಣನೇ ಆಗಬೇಕಿತ್ತು. ಅಡುಗೆ ಮಾಡಿ ಒಲೆಯ ಹತ್ತಿರ ಕೂರುವ ಪೈಕಿಯಲ್ಲ ಅವನು. ತಾನೇ ಬಕೆಟ್ಟು ಹಿಡಿದು ಎಲೆ ಎಲೆಗೂ ಬಗ್ಗಿ, "ಇನ್ನೊಂದ್ ತುಂಡು ಆಕ್ಲಾ ಬೀಗ್ರೆ?" ಎನ್ನುತ್ತಿದ್ದ. ಬೇಡ ಎಂದವರಿಗೆ ಎರಡು ಬೀಳುತ್ತಿದ್ದವು.

ಗೆಳೆಯ ಮಂಜ ಒಂದು ಕ್ಯಾಮೆರಾ ಕೊಂಡ. ನಾನು ಹನ್ನೊಂದು ನಿಮಿಷದ ಚಿತ್ರಕ್ಕೆ ಕಥೆ ಬರೆದೆ. ಬೀಗರ ಊಟ ನಡೆಯುತ್ತಿದೆ. ಪ್ರತಿ ಸಲ ಬಡಿಸಿ ಮುಗಿದಾಗಲೂ ಒಬ್ಬ ಬೀಗ ಕಾಣೆ. ಎಲೆಗಳು ಕಮ್ಮಿಯಾಗುತ್ತವೆ, ಹಂಡೆಯಲ್ಲಿ ತುಂಡು ಜಾಸ್ತಿಯಾಗುತ್ತದೆ. ಉಳಿದವರು ಮಾತ್ರ ರುಚಿಯನ್ನು ಹೊಗಳುತ್ತಲೇ ಇರುತ್ತಾರೆ. ಕೊಲೆಗಾರ ಅಡುಗೆಯವನು. ಚಿತ್ರದ ಹೆಸರು 'ಇನ್ನೊಂದು ತುಂಡು'. ಹೆಸರನ್ನೂ ನಿಂಗಣ್ಣನ ಬಾಯಿಂದಲೇ ಎತ್ತಿದ್ದೆ, ಪಾತ್ರಕ್ಕೂ ಅವನನ್ನೇ ಕೇಳಿದೆ.

"ಅನ್ನ ಇಕ್ಕೋ ಕೈ ಕಣ್ಲಾ ಇದು. ರಕ್ತ ಬಳ್ಕೊಂಡು ನಗಾಡಬಾರ್ದು" ಎಂದ.

"ದಿನಾ ಕುರಿ ಕಡೀತೀಯಲ್ಲ ನಿಂಗಣ್ಣ, ಅದು ರಕ್ತ ಅಲ್ವಾ?"

"ಅದು ಉಣ್ಣಾಕೆ ಕಣ್ಲಾ."

"ಇದು ನಗಾಕೆ. ಎಂಗೆ ತಪ್ಪು? ಒಂದೇ ಒಂದು ಕಾರಣ ಏಳು ನೋಡಾನ."

"ನಿನ್ ಬಾಯಿಗೆ ಯಾರ್ ಬಂದಾರಪ್ಪಾ! ಆಯ್ತು ಬುಡು."

ನಾನು ಇದನ್ನು ಗೆಲುವು ಎಂದುಕೊಂಡೆ. ಎದುರಾಳಿ ಒಪ್ಪುವುದಕ್ಕೂ ಸುಸ್ತಾಗುವುದಕ್ಕೂ ಇರುವ ವ್ಯತ್ಯಾಸವನ್ನು ಯಾವ ತೀರ್ಪುಗಾರರೂ ನನಗೆ ಹೇಳಿಕೊಟ್ಟಿರಲಿಲ್ಲ.

ಒಂದು ಆಲೆಮನೆಯಲ್ಲಿ ಚಿತ್ರೀಕರಣ. ರಕ್ತಕ್ಕೆ ಬೆಲ್ಲದ ಪಾಕ ಮತ್ತು ಕೆಂಪು ಬಣ್ಣ, ಕರುಳಿಗೆ ಮಾಂಸದಂಗಡಿಯ ಬೋಟಿ, ಮಂಜನ ಕತ್ತರಿಸಿದ ಕಿವಿಗೆ ನಾನೇ ನಾದಿದ ಮೈದಾ. ಹೆಣವಾಗಿ ಬಿದ್ದಿದ್ದ ಮಂಜನಿಗೆ ಇರುವೆ ಮುತ್ತಿ, ಹೊಟ್ಟೆ ಬಗೆಸಿಕೊಂಡವನು ಎದ್ದು ನಾಲೆಗೆ ಓಡಿದ. ನಾವು ಬಿದ್ದು ಬಿದ್ದು ನಕ್ಕೆವು. ನಿಂಗಣ್ಣನೂ ನಕ್ಕ, ಆದರೆ ಸೌಟನ್ನು ಮೂರು ಸಲ ತೊಳೆದ.

ಇಂಥದ್ದನ್ನು ಬಹಿರಂಗವಾಗಿ ಹಾಕಲಾಗದು ಎಂದು ಫೋನಿಂದ ಫೋನಿಗೆ ಗುಟ್ಟಾಗಿ ದಾಟಿಸಿದೆವು. ಗುಟ್ಟಾದ್ದರಿಂದಲೇ ವಾರದೊಳಗೆ ನಾಲ್ಕು ತಾಲ್ಲೂಕು ಸುತ್ತಿತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಬೀಗರ ಊಟಕ್ಕೆ ನಿಂಗಣ್ಣನನ್ನು ಗೊತ್ತುಮಾಡಿದ್ದ ಕಿಕ್ಕೇರಿಯವರು "ಬ್ಯಾರೆಯೋರ್ಗೆ ಏಳ್ಬುಟ್ಟಿದ್ದೀವಿ" ಎಂದರು. ಕೆ.ಆರ್. ಪೇಟೆಯವರು ಫೋನೇ ಎತ್ತಲಿಲ್ಲ. "ಅವನ ಸೌಟು ಕಂಡ್ರೆ ಮಂಜನ್ ಕಿವಿ ನೆಪ್ಪಾಯ್ತದೆ ಕಣವ್ವ" ಎಂದು ಪಕ್ಕದ ಮನೆಯ ಜಯಕ್ಕ ನಮ್ಮವ್ವನಿಗೆ ಹೇಳಿದ್ದು ನನ್ನ ಕಿವಿಗೇ ಬಿತ್ತು. ಅದು ಮೈದಾ ಎಂದು ಆಕೆಗೆ ಅರ್ಧ ಗಂಟೆ ವಿವರಿಸಿದೆ. ಎಲ್ಲಕ್ಕೂ ತಲೆಯಾಡಿಸಿದಳು. ಮಗನ ಮದುವೆಗೆ ಬೇರೆಯವರನ್ನು ಕರೆದಳು.

ಅಷ್ಟರಲ್ಲಿ ನನ್ನ ಅಕ್ಕನ ಮದುವೆ ಬಂತು. ನಿಂಗಣ್ಣನ ಹೆಸರು ಉಳಿಸಲು ಇದೇ ಅವಕಾಶ ಎಂದು ಹಟ ಹಿಡಿದೆ. "ಬೀಗರ ಮುಂದೆ ಮಾನ ಕಳೀಬ್ಯಾಡ ಕಣ್ಲಾ" ಎಂದು ಅವ್ವ ಬೇಡಿಕೊಂಡಳು. ಮೊದಲ ಎಲೆಯಲ್ಲಿ ನಾನೇ ಕೂತು, ಎಲ್ಲರೆದುರು ಮೊದಲ ತುತ್ತು ನಾನೇ ತಿನ್ನುತ್ತೇನೆ ಎಂದೆ. ಬೀಗರಿಗೂ ಮೊದಲೇ ಸಾರಿದೆ: "ನನ್ನ ನೋಡಿ, ಆಮೇಲೆ ಉಣ್ಣಿ."

ಪಾಂಡವಪುರದ ಛತ್ರ. ನಾಗಮಂಗಲದ ಬೀಗರು ಸಾಲಾಗಿ ಕೂತಿದ್ದರು. ನಿಂಗಣ್ಣ ಹೊಸ ಪಂಚೆ ಉಟ್ಟು ಬಂದು ನನ್ನ ಎಲೆಗೆ ಬಡಿಸಿದ. ಮುಖ ಅರಳಿಸಿಕೊಂಡು, ಮೊದಲಿನಂತೆಯೇ ಬಗ್ಗಿ, "ಇನ್ನೊಂದ್ ತುಂಡು ಆಕ್ಲಾ ಮಗ?" ಎಂದ.

ಈ ಊಟಕ್ಕೆ ಕುರಿ ತಂದವನು ನಾನು. ಪಾಕ ಕಲಸಿದವನು ನಾನು. ಕಿವಿ ನಾದಿದವನು ನಾನು. ಎಲ್ಲ ಪುರಾವೆಯೂ ನನ್ನ ಕೈಯಲ್ಲೇ ಇತ್ತು, ಆ ಕೈಯೇ ಬಾಯಿಗೆ ಅರ್ಧ ದಾರಿಯಲ್ಲಿ ನಿಂತುಬಿಟ್ಟಿತು. ಒಂದು ಗಳಿಗೆ, ಅಷ್ಟೇ. ಆಮೇಲೆ ತಿಂದೆ, ಎರಡನೇ ಸಲವೂ ಹಾಕಿಸಿಕೊಂಡೆ. ಆದರೆ ಇಡೀ ಸಾಲು ನನ್ನನ್ನೇ ನೋಡುತ್ತಿತ್ತು. ನಾನೇ ತಾನೆ ನೋಡಿ ಎಂದವನು? ಭಾವನ ಸೋದರಮಾವ ಕೆಮ್ಮಿ, "ಒಸಿ ಮೊಸ್ರಿದ್ರೆ ತತ್ತೀರಾ?" ಎಂದರು. ಬೀಗರ ಬಾಡೂಟದಲ್ಲಿ ಬಾಡು ಬಿಟ್ಟು ಮೊಸರು! ಸಾಲಿನುದ್ದಕ್ಕೂ ಮೊಸರು ಕೇಳಿದರು. ತಂದು ಬಡಿಸಿದ್ದು ನಿಂಗಣ್ಣನೇ. ಯಾರನ್ನೂ ಇನ್ನೊಂದು ಸೌಟು ಹಾಕಲಾ ಎಂದು ಕೇಳಲಿಲ್ಲ.

ಮಂಡಿನೋವು ಶುರುವಾದದ್ದು ಅದರ ಮಾರನೆಯ ದಿನದಿಂದ.

ಮೊನ್ನೆ ಅವನ ಮನೆಗೆ ಹೋಗಿದ್ದೆ, ಮತ್ತೆ ಸೌಟು ಹಿಡಿ ಎಂದು ವಾದಿಸಲು ಏಳು ಅಂಶ ಬರೆದುಕೊಂಡು. ಕೊಟ್ಟಿಗೆಯಲ್ಲಿ ಅದೇ ಮಂಡಿ ಮಡಿಸಿ ಕೂತು ಹಾಲು ಕರೆಯುತ್ತಿದ್ದ. "ಬಾರಪ್ಪ, ಕೂತ್ಕೊ. ಈ ಮಂಡಿ ಒಂದು ಸರಿ ಇದ್ದಿದ್ರೆ" ಎಂದು ಶುರು ಮಾಡಿದ. ನನ್ನ ಏಳು ಅಂಶಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಬಂದದ್ದು ಬರೆದುಕೊಳ್ಳದೇ ಇದ್ದದ್ದು:

"ನಿಂಗಣ್ಣ, ಅವತ್ತು ನನ್ ಕೈ ನಿಂತಿದ್ನ ನೋಡ್ದಾ?"