ಮುತ್ಯಾನ ಅಡಕತ್ತರಿ, ನನ್ನ ಗುಳಿಗೆ

ಹೊಟ್ಟೆಕಿಚ್ಚು ಒಳ್ಳೆಯದಲ್ಲ ಎಂದು ನಾನೇ ನಿಮಗೆ ಎಷ್ಟೋ ಸಲ ಹೇಳಿದ್ದೇನೆ, ಮೊಮ್ಮಕ್ಕಳೇ. ಆದರೆ ಒಂದು ವರ್ಷ ನಾನೇ ಅದರಲ್ಲಿ ಬೆಂದಿದ್ದೇನೆ. ಬಾಯಿಬಿಟ್ಟು ಹೇಳಲು ನಾಚಿಕೆ, ಅದಕ್ಕೆ ಬರೆಯುತ್ತಿದ್ದೇನೆ. ನನ್ನ ಹೊಟ್ಟೆಕಿಚ್ಚು ನಿಮ್ಮ ಮುತ್ಯಾನ ತಂಗಿ ಶರಣಮ್ಮನ ಮೇಲೆ. ಅವಳ ಬಂಗಾರಕ್ಕಲ್ಲ, ಅವಳ ಕನಸಿಗೆ.

ನಿಮ್ಮ ಮುತ್ಯಾ, ನನ್ನ ಯಜಮಾನರು, ತೀರಿಕೊಂಡ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. ಜಹೀರಾಬಾದಿನ ಡಾಕ್ಟರು ಸ್ವಲ್ಪ ದಿನಕ್ಕೆಂದು ಒಂದು ಗುಳಿಗೆ ಬರೆದುಕೊಟ್ಟರು. ಆ ಸ್ವಲ್ಪ ದಿನವನ್ನು ನಾನು ಎರಡು ವರ್ಷ ಎಳೆದೆ. ಗುಳಿಗೆಯ ನಿದ್ದೆ ಎಂದರೆ ಬಾಯಿ ಹೊಲಿದ ಗೋಣಿಚೀಲ. ಒಳಗೆ ಏನೂ ಬರುವುದಿಲ್ಲ, ಕನಸೂ ಕೂಡ. ಹೀಗಿರುವಾಗ ಶರಣಮ್ಮ ತನ್ನೂರು ರಾಯಿಕೋಡಿನಿಂದ ಬಂದವಳು ಚಹಾ ಕುಡಿಯುತ್ತ, “ವೈನಿ, ಅಣ್ಣ ಮತ್ತ ಕನಸಿನ್ಯಾಗ ಬಂದಿದ್ದ. ರೊಟ್ಟಿ ಜೋಡಿ ಪುಂಡಿಪಲ್ಲೆ ಬೇಡಿ ಉಂಡು ಹೋದ” ಎಂದಳು. ಆ ‘ಮತ್ತ’ ನನಗೆ ಚುಚ್ಚಿತು. ನಲವತ್ತು ವರ್ಷ ಪುಂಡಿಪಲ್ಲೆ ಬಡಿಸಿದವಳು ನಾನು, ಈಗ ಊಟ ರಾಯಿಕೋಡಿನಲ್ಲಿ.

“ನನ್ನ ಕಡಿ ಒಮ್ಮೆನೂ ಬಂದಿಲ್ಲವ್ವ” ಎಂದೆ.

“ಬಂದ್ರ ಬಾಗಿಲಾ ಯಾರು ತಗೀಬೇಕ? ನೀ ಗುಳಿಗಿ ನುಂಗಿ ಕಲ್ಲಾಗಿ ಬಿದ್ದಿರ್ತಿ.”

ಅಂದೇ ಗುಳಿಗೆ ಬಿಟ್ಟುಬಿಟ್ಟೆ. ಮೂರು ದಿನ ರೆಪ್ಪೆ ಕೂಡಲಿಲ್ಲ. ರೊಟ್ಟಿ ಬಡಿಯುವ ಕೈ ನಡುಗಿ, ರೊಟ್ಟಿಗಳು ಒಂದೊಂದು ಊರಿನ ನಕಾಶೆಯಂತಾದವು. ನಿಮ್ಮ ಅವ್ವ ಹೆದರಿ ಜಹೀರಾಬಾದಿಗೆ ಕರೆದೊಯ್ದಳು.

“ಒಮ್ಮೆಗೇ ಬಿಡು ಅಂತ ಯಾರ ಹೇಳಿದ್ರಮ್ಮ? ಜೀವಕ್ಕ ಕುತ್ತು ಬರ್ತದ” ಎಂದರು ಡಾಕ್ಟರು. “ನಿಮ್ಮ ಮನ್ಯಾಗ ಕುರಿ ಅವ. ಮರಿಗಿ ಹಾಲ ಹ್ಯಾಂಗ ಬಿಡಸ್ತೀರಿ?”

“ಸ್ವಲ್ಪ ಸ್ವಲ್ಪ ರೀ.”

“ಇದೂ ಹಂಗೇ. ಆಹಿಸ್ತಾ, ನಿಧಾನಕ್ಕ.”

ಅವರು ಎರಡು ದಾರಿ ಹೇಳಿದರು. ಒಂದರಲ್ಲಿ ಸ್ವಲ್ಪ ಬೇಗ ಬೇಗ ಇಳಿಸುವುದು. ಇನ್ನೊಂದರಲ್ಲಿ ಕಾಲು ಗುಳಿಗೆ ಕಡಿಮೆ ಮಾಡಿ, ಮೈ ಒಗ್ಗಿತೋ ಇಲ್ಲವೋ ಅವರಿಗೆ ತೋರಿಸಿ, ಆಮೇಲೆ ಮತ್ತೆ ಕಾಲು. ಮನಸ್ಸು ಬೇಗದ ದಾರಿಗೇ ಓಡಿತು. ಆದರೆ ನಡುಗುವ ಕೈ ನೋಡಿಕೊಂಡು ನಿಧಾನದ ದಾರಿ ಹಿಡಿದೆ. ನಾರಾಯಣಖೇಡದ ಸಂತೆಗೆ ಹೋಗಿ ಸಂಜೆಗೆ ಬರುತ್ತೇನೆಂದು ಮರುದಿನ ಬರುತ್ತಿದ್ದವರು ನಿಮ್ಮ ಮುತ್ಯಾ. ಕಾಯುವುದು ನನಗೆ ಹೊಸದಲ್ಲ.

ಗುಳಿಗೆ ಕತ್ತರಿಸುವ ಪುಟ್ಟ ಡಬ್ಬಿ ಔಷಧ ಅಂಗಡಿಯಲ್ಲಿ ಸಿಗುತ್ತದೆ ಎಂದಿದ್ದರು. ಅಂಗಡಿಯಲ್ಲಿ ಗಂಡಸರ ಗುಂಪು ನೋಡಿ ನಾನು ಕೇಳದೇ ಬಂದೆ. ಮನೆಯಲ್ಲಿ ಮುತ್ಯಾನ ಅಡಕತ್ತರಿ ಇತ್ತಲ್ಲ. ಅಡಕೆ ಹೋಳಾಗುವಂತೆ ಗುಳಿಗೆಯೂ ಆಗುತ್ತದೆಂದು ಒತ್ತಿದೆ. ಒಂದು ಚೂರು ಟಣ್ಣನೆ ಹಾರಿ, ನಿಮ್ಮ ಅವ್ವ ಆರಿಸುತ್ತಿದ್ದ ತೊಗರಿಬೇಳೆಯೊಳಗೆ ಬಿತ್ತು. ಗುಳಿಗೆಯ ಬಣ್ಣವೂ ಹಳದಿ. ಇಬ್ಬರೂ ಮೊರದ ತುಂಬ ಹುಡುಕಿದೆವು. “ಸಿಗಲಿಲ್ಲಂದ್ರ ಇವತ್ತ ಬ್ಯಾಳಿ ಉಂಡವ್ರೆಲ್ಲ ನಾಳಿ ಮಧ್ಯಾನ್ನಕ್ಕ ಏಳ್ತಾರ ನೋಡ್ರಿ, ಅತ್ತಿ” ಎಂದಳು ಅವ್ವ. ಸಿಕ್ಕಿತು. ಮರುದಿನ ಗುಳಿಗೆ ಕತ್ತರಿಸುವ ಡಬ್ಬಿಯನ್ನು ಅವಳೇ ಅಂಗಡಿಯಿಂದ ತಂದಳು.

ಅರ್ಧ ಗುಳಿಗೆಗೆ ಬಂದಾಗ ಮತ್ತೆ ಹೊರಳಾಟ, ಬೆವರು. ಡಾಕ್ಟರು ಇನ್ನಷ್ಟು ದಿನ ಅಲ್ಲಿಯೇ ನಿಲ್ಲಿ ಎಂದರು, ನಿಂತೆ. ತೊಗರಿ ಹೂವಾಗಿ, ಕಾಯಾಗಿ, ರಾಶಿಯಾಗಿ ತಾಂಡೂರಿನ ಪೇಟೆಗೆ ಹೋಯಿತು. ನಾನು ಕಾಲು ಗುಳಿಗೆಗೆ ಬಂದೆ. ಶರಣಮ್ಮನ ಕನಸಿನಲ್ಲಿ ಅಷ್ಟರೊಳಗೆ ನಿಮ್ಮ ಮುತ್ಯಾ ಇನ್ನೂ ಎರಡು ಸಲ ಉಂಡಿದ್ದರು.

ಕೊನೆಗೆ ಒಂದು ಬೆಳಗಿನ ಜಾವ ನನ್ನ ಕನಸಿಗೂ ಬಂದರು. ಅದೇ ಹಳೆಯ ಕಂಬಳಿ ಹೆಗಲ ಮೇಲೆ. ಕಟ್ಟೆಯ ಮೇಲೆ ಕುಳಿತು ಅಡಕತ್ತರಿ ಎತ್ತಿ ನೋಡಿ, “ಇದರ ಧಾರ ಯಾರ ಕೆಡಿಸ್ಯಾರ?” ಎಂದರು. ಅವರು ಹೋದಾಗಿನಿಂದ ಕೂಡಿಟ್ಟ ಮಾತು ಎಷ್ಟೋ ಇತ್ತು. ನಾನೇನು ಮಾಡಿದೆ ಗೊತ್ತೇ? ಸೆರಗು ಎಳೆದುಕೊಂಡು ಬಾಗಿಲ ಹಿಂದೆ ನಿಂತು, “ಚಹಾ ತರ್ತೀನ್ರಿ” ಎಂದು ಒಳಗೆ ಹೋದೆ. ಚಹಾ ಕುದಿಯುವುದರೊಳಗೆ ಎಚ್ಚರವಾಯಿತು.

ಅಡಕತ್ತರಿಗೆ ಸಾಣೆ ಹಿಡಿಸಿ ಇಟ್ಟಿದ್ದೇನೆ. ಉಳಿದ ಕಾಲು ಗುಳಿಗೆಯೂ ಡಾಕ್ಟರು ಹೇಳಿದಾಗ ಹೋಗುತ್ತದೆ. ನಾಚಿಕೆಯನ್ನು ಮಾತ್ರ ಒಮ್ಮೆಗೇ ಬಿಡಲು ನನ್ನಿಂದಾಗದು. ಮತ್ತೆ ಬಂದರೆ, ಮೊದಲು ಬಾಗಿಲ ಹಿಂದಿನಿಂದ ಕಾಲು ಭಾಗ ಈಚೆ ಬಂದು ನಿಲ್ಲಬೇಕೆಂದಿದ್ದೇನೆ.